ಆವರ್ತನವೂ ಲಾಘವವೂ

ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ಬೆಳಗಿನ ಹೊತ್ತು ಏಳೆಂಟು ಮಂದಿ ಒಂದು ಹಲಗೆಯ ಮುಂದೆ ನಿಂತುಕೊಂಡು, ನಿನ್ನೆ ಮಾಡಿದ್ದೇನು, ಇಂದು ಮಾಡಬೇಕಾದದ್ದೇನು, ದಾರಿಗೆ ಅಡ್ಡವಾಗಿರುವುದೇನು ಎಂಬ ಮೂರು ಪ್ರಶ್ನೆಗಳಿಗೆ ಸರದಿಯಂತೆ ಉತ್ತರ ಹೇಳಿ, ಕಾಲು ಗಂಟೆಯೊಳಗಾಗಿ ತಮ್ಮ ತಮ್ಮ ಮೇಜಿಗೆ ಹಿಂದಿರುಗುವ ಒಂದು ಸಂಪ್ರದಾಯವುಂಟು. ‘ಸ್ಟ್ಯಾಂಡ್-ಅಪ್’ ಎಂದು ಅದರ ಹೆಸರು. ಎರಡು ವಾರಕ್ಕೊಮ್ಮೆ ಮುಗಿಯುವ ಕೆಲಸದ ಕಂತಿಗೆ ‘ಸ್ಪ್ರಿಂಟ್’ ಎಂದು ಹೆಸರು. ಪದ್ಧತಿಯ ಸಮಸ್ತಕ್ಕೂ ‘ಅಜೈಲ್’ ಎಂದು ಹೆಸರು. ಅಜೈಲ್ ಎಂದರೇನೆಂದು ಅಲ್ಲಿಯವರನ್ನು ಕೇಳಿದರೆ, ಕೆಲಸವನ್ನು ಒಂದೇ ಸಲಕ್ಕೆ ಮಾಡಿ ಮುಗಿಸದೆ ಸುತ್ತುಸುತ್ತಾಗಿ ಮಾಡುವುದೆಂದು ಬಹುಮಂದಿ ಹೇಳುವರು. ಸುತ್ತುಸುತ್ತಾಗಿ ಮಾಡುವುದಕ್ಕೆ ‘ಇಟರೇಟಿವ್’ ಎಂಬ ಬೇರೆಯೇ ಹೆಸರು ಆ ಕಸುಬಿನಲ್ಲಿ ಮೊದಲಿನಿಂದ ಇದೆಯೆಂಬುದನ್ನೂ, ವಯಸ್ಸಿನಲ್ಲಿ ಅದು ಅಜೈಲಿಗೆ ತಾತನಾಗಬೇಕೆಂಬುದನ್ನೂ, ತಾತ ಮೊಮ್ಮಗರ ಮುಖದಲ್ಲಿ ಹೋಲಿಕೆಯಿದ್ದರೂ ಸ್ವಭಾವ ಒಂದೇ ಅಲ್ಲವೆಂಬುದನ್ನೂ ನೆನೆಯುವವರು ಕಡಮೆ.

ಇಟರೇಟಿವ್ ಕ್ರಮವನ್ನು ಇಲ್ಲಿ ಆವರ್ತನ ಕ್ರಮವೆಂದು ಕರೆಯುತ್ತೇನೆ. ತಾಳದ ಒಂದು ಸುತ್ತಿಗೆ ನಮ್ಮ ಸಂಗೀತಗಾರರು ಇಟ್ಟಿರುವ ಹೆಸರು ಅದು. ನೀರಿನ ಸುಳಿಗೂ ಸಂಸ್ಕೃತದಲ್ಲಿ ಆವರ್ತವೆಂದೇ ಹೆಸರು. ಎರಡು ಅರ್ಥಗಳೂ ಮುಂದೆ ನಮಗೆ ಒದಗಿಬರುತ್ತವೆ. ಅಜೈಲ್ ಎಂಬುದಕ್ಕೆ ನಮ್ಮಲ್ಲಿ ಸರಿಸಮನಾದ ಮಾತು ಯಾವುದೆಂಬುದನ್ನು, ಆ ಹೆಸರು ಹುಟ್ಟಿದ ಸಂದರ್ಭ ಬಂದಾಗ ಹೇಳುವುದು ಮೇಲು.

ಆವರ್ತನದ ವಿಚಾರ ಗಣಕಯಂತ್ರಕ್ಕಿಂತಲೂ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ದೂರವಾಣಿ ಉಪಕರಣಗಳ ಗುಣಪರೀಕ್ಷೆಯಲ್ಲಿ ತೊಡಗಿದ್ದ ವಾಲ್ಟರ್ ಶೂಹಾರ್ಟ್ ಅವರು ೧೯೩೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಸ್ತು ಹೇಗಿರಬೇಕೆಂದು ಗೊತ್ತುಮಾಡುವುದು, ಅದನ್ನು ತಯಾರಿಸುವುದು, ತಯಾರಾದುದನ್ನು ಪರೀಕ್ಷಿಸುವುದು ಎಂಬ ಮೂರು ಕ್ರಿಯೆಗಳು ಒಂದೇ ಸರಳರೇಖೆಯ ಮೇಲಿನ ಮೂರು ಬಿಂದುಗಳಲ್ಲ, ಒಂದು ವೃತ್ತದ ಮೇಲಿನ ಬಿಂದುಗಳು ಎಂದು ಪ್ರತಿಪಾದಿಸಿದರು. ಪರೀಕ್ಷೆಯಲ್ಲಿ ಕಲಿತದ್ದು ಮರಳಿ ಮೊದಲನೆಯ ಕ್ರಿಯೆಯನ್ನು ತಿದ್ದಬೇಕೆಂಬುದು ಅದರ ತಾತ್ಪರ್ಯ. ಅವರ ಶಿಷ್ಯಪ್ರಾಯರಾದ ಎಡ್ವರ್ಡ್ಸ್ ಡೆಮಿಂಗ್ ಅವರು ೧೯೫೦ರಲ್ಲಿ ಜಪಾನಿನ ಕೈಗಾರಿಕೋದ್ಯಮಿಗಳ ಮುಂದೆ ಉಪನ್ಯಾಸ ಮಾಡಿದಾಗ ಈ ವೃತ್ತವೂ ಅವರೊಡನೆ ಸಾಗರ ದಾಟಿತು. ಅದೇ ದಶಕದಲ್ಲಿ ಎಕ್ಸ್-೧೫ ಎಂಬ ರಾಕೆಟ್ ವಿಮಾನವನ್ನು ಕಟ್ಟಿದವರು ಈ ಬಗೆಯ ಸಣ್ಣ ಸುತ್ತುಗಳಲ್ಲಿಯೇ ಕೆಲಸಮಾಡಿದರು. ಅವರಲ್ಲಿ ಕೆಲವರು ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳುಹಿಸುವ ಮರ್ಕ್ಯುರಿ ಯೋಜನೆಗೆ ಬಂದಾಗ ತಮ್ಮ ಅಭ್ಯಾಸವನ್ನೂ ಜೊತೆಗೆ ತಂದರು. ಮರ್ಕ್ಯುರಿಯ ತಂತ್ರಾಂಶ ರಚನೆಯಲ್ಲಿ ಒಂದು ಆವರ್ತನಕ್ಕೆ ಅರ್ಧ ದಿವಸ ಮಾತ್ರ ಹಿಡಿಯುತ್ತಿತ್ತೆಂದೂ, ಒಂದೊಂದು ಚಿಕ್ಕ ಭಾಗವನ್ನು ಬರೆಯುವ ಮೊದಲೇ ಅದರ ಪರೀಕ್ಷೆಯನ್ನು ಬರೆದಿಟ್ಟುಕೊಳ್ಳುತ್ತಿದ್ದರೆಂದೂ ತಿಳಿದಾಗ, ಇಂದಿನ ಯುವಕರು ನೂತನವೆಂದು ಅಭ್ಯಾಸಮಾಡುತ್ತಿರುವುದು ಅವರು ಹುಟ್ಟುವ ಮುಂಚೆಯೇ ಬಳಕೆಯಲ್ಲಿದ್ದುದನ್ನು ಕಂಡು ವಿಸ್ಮಯವಾಗುತ್ತದೆ.

ಹೀಗಿದ್ದ ಮೇಲೆ ಸರಳರೇಖೆ ಎಲ್ಲಿಂದ ಬಂತು? ಶತ್ರುವಿಮಾನಗಳನ್ನು ಪತ್ತೆಹಚ್ಚುವ ‘ಸೇಜ್’ ಎಂಬ ರಕ್ಷಣಾ ವ್ಯವಸ್ಥೆಯ ತಂತ್ರಾಂಶವನ್ನು ಕುರಿತು ಹರ್ಬರ್ಟ್ ಬೆನಿಂಗ್ಟನ್ ಅವರು ೧೯೫೬ರಲ್ಲಿ ಒಂದು ಪ್ರಬಂಧ ಮಂಡಿಸಿ, ದೊಡ್ಡ ಪ್ರೋಗ್ರಾಮಿನ ರಚನೆಯನ್ನು ಒಂದಾದ ಮೇಲೊಂದು ಬರುವ ಹಂತಗಳಾಗಿ ವಿಂಗಡಿಸಿ ತೋರಿಸಿದರು. ಗಣಕದ ಒಂದು ಗಂಟೆಯ ಬೆಲೆ ಮನುಷ್ಯನ ಒಂದು ಗಂಟೆಯ ಬೆಲೆಗಿಂತ ಬಹಳ ಹೆಚ್ಚಾಗಿದ್ದ ಕಾಲ ಅದು. ಕಾರ್ಡುಗಳಲ್ಲಿ ರಂಧ್ರ ಮಾಡಿಸಿ, ಯಂತ್ರದ ಸರದಿಗಾಗಿ ಕಾದು, ಉತ್ತರವನ್ನು ಮರುದಿನ ಪಡೆಯಬೇಕಾಗಿದ್ದ ಆ ದಿನಗಳಲ್ಲಿ, ಮೊದಲೇ ಎಲ್ಲವನ್ನೂ ಕಾಗದದ ಮೇಲೆ ಯೋಚಿಸಿ ಮುಗಿಸುವುದು ವಿವೇಕವೇ ಆಗಿತ್ತು. ಸಾಲದುದಕ್ಕೆ, ಸೇತುವೆಯನ್ನೂ ಹಡಗನ್ನೂ ಕೊಂಡು ರೂಢಿಯಿದ್ದ ಸರ್ಕಾರಗಳು ತಂತ್ರಾಂಶವನ್ನೂ ಅದೇ ರೀತಿ, ನಕ್ಷೆ, ಕರಾರು, ತಪಾಸಣೆ ಎಂಬ ಅನುಕ್ರಮದಲ್ಲಿ ಕೊಳ್ಳಲು ಬಯಸಿದವು. ೧೯೮೩ರಲ್ಲಿ ಆ ಪ್ರಬಂಧ ಮರುಮುದ್ರಣವಾದಾಗ ಬೆನಿಂಗ್ಟನ್ ಅವರು ಬರೆದ ಮುನ್ನುಡಿಯಲ್ಲಿ, ತಾವು ಮೊದಲು ಒಂದು ಪ್ರಾಯೋಗಿಕ ರೂಪವನ್ನು ಕಟ್ಟಿ ನೋಡಿದ ಬಳಿಕವೇ ದೊಡ್ಡದನ್ನು ಕಟ್ಟಿದ್ದೆಂಬ ಸಂಗತಿಯನ್ನು ಸೇರಿಸಿದರು. ಮೂಲ ಪ್ರಬಂಧ ಅದನ್ನು ಹೇಳಿರಲಿಲ್ಲ. ಓದಿದವರಿಗೆ ಹಂತಗಳು ಕಂಡವು, ಪ್ರಯೋಗ ಕಾಣಲಿಲ್ಲ.

೧೯೬೮ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಪರ್ವತ ಪಟ್ಟಣದಲ್ಲಿ ನ್ಯಾಟೋ ಸಂಸ್ಥೆಯ ಆಶ್ರಯದಲ್ಲಿ ಒಂದು ಪರಿಷತ್ತು ನೆರೆಯಿತು. ದೊಡ್ಡ ತಂತ್ರಾಂಶಗಳು ಹೇಳಿದ ಕಾಲಕ್ಕೆ ಮುಗಿಯದೆ, ಮುಗಿದವು ಸರಿಯಾಗಿ ನಡೆಯದೆ ಎಲ್ಲರೂ ಚಿಂತೆಗೀಡಾಗಿದ್ದ ಸಮಯ. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಮಾತು ಲೋಕಪ್ರಸಿದ್ಧವಾದದ್ದು ಈ ಪರಿಷತ್ತಿನಿಂದ. ರೋಗಕ್ಕೆ ಶಿಸ್ತೇ ಔಷಧವೆಂಬ ಭಾವನೆ ಬಲವಾಯಿತು. ಶಿಸ್ತೆಂದರೆ ಸರಳರೇಖೆಯೆಂದು ಅರ್ಥಮಾಡುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ.

ಅದಕ್ಕೆ ಬೇಕಾಗಿದ್ದ ಚಿತ್ರವನ್ನು ಒದಗಿಸಿದ್ದು ೧೯೭೦ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ‘ವೆಸ್ಕಾನ್’ ಸಮ್ಮೇಳನದಲ್ಲಿ ವಿನ್ಸ್ಟನ್ ರಾಯ್ಸ್ ಅವರು ಮಂಡಿಸಿದ ಪ್ರಬಂಧ. ಕೆಲವೇ ಪುಟಗಳ ಆ ಬರಹದ ಆರಂಭದಲ್ಲಿ ಏಳು ಚೌಕಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದುಬರುವ ಒಂದು ಚಿತ್ರವಿದೆ: ವ್ಯವಸ್ಥೆಯ ಅಗತ್ಯಗಳು, ತಂತ್ರಾಂಶದ ಅಗತ್ಯಗಳು, ವಿಶ್ಲೇಷಣೆ, ವಿನ್ಯಾಸ, ಬರವಣಿಗೆ, ಪರೀಕ್ಷೆ, ಬಳಕೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಧುಮುಕುವ ಬಾಣಗಳನ್ನು ಕಂಡವರು ಮುಂದೆ ಅದಕ್ಕೆ ‘ವಾಟರ್‌ಫಾಲ್’, ಅಂದರೆ ಜಲಪಾತ, ಎಂದು ನಾಮಕರಣ ಮಾಡಿದರು. ರಾಯ್ಸ್ ಅವರ ಪ್ರಬಂಧದಲ್ಲಿ ಆ ಪದವೇ ಇಲ್ಲ. ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ಚಿತ್ರವನ್ನು ಬರೆದ ಕೈಯೇ ಅದರ ಕೆಳಗೆ ಎಚ್ಚರಿಕೆಯನ್ನೂ ಬರೆದಿತ್ತು. ಇದನ್ನು ಹೀಗೆಯೇ ನಡೆಸಿದರೆ ಅಪಾಯವನ್ನೂ ವೈಫಲ್ಯವನ್ನೂ ಆಹ್ವಾನಿಸಿದಂತಾಗುವುದೆಂದೂ, ಯಂತ್ರದ ವೇಗ, ಸ್ಮೃತಿಸ್ಥಳ ಮೊದಲಾದುವು ನಿಜವಾಗಿ ಅನುಭವಕ್ಕೆ ಬರುವುದು ಕೊನೆಯಲ್ಲಿರುವ ಪರೀಕ್ಷೆಯ ಹಂತದಲ್ಲಿಯೇ ಆದುದರಿಂದ, ಅಲ್ಲಿ ತಪ್ಪು ಕಂಡರೆ ಆರಂಭಕ್ಕೇ ಹಿಂದಿರುಗಬೇಕಾಗುವುದೆಂದೂ ಅವರು ವಿವರಿಸಿದರು. ಪರಿಹಾರವಾಗಿ ಅವರು ಸೂಚಿಸಿದ ಐದು ಉಪಾಯಗಳಲ್ಲಿ ಒಂದು, ಕೆಲಸವನ್ನು ಎರಡು ಸಲ ಮಾಡಬೇಕೆಂಬುದು: ಮೂವತ್ತು ತಿಂಗಳ ಯೋಜನೆಯಾದರೆ ಮೊದಲು ಹತ್ತು ತಿಂಗಳಲ್ಲಿ ಒಂದು ಚಿಕ್ಕ ಮಾದರಿಯನ್ನು ಕಟ್ಟಿ, ಅದರಿಂದ ಕಲಿತು, ಆಮೇಲೆ ನಿಜವಾದದ್ದನ್ನು ಕಟ್ಟುವುದು. ತಮ್ಮ ತಂದೆಯ ಒಲವು ಮೊದಲಿನಿಂದಲೂ ಆವರ್ತನದ ಕಡೆಗೇ ಇತ್ತೆಂದು ಅವರ ಮಗ, ಅದೇ ಕಸುಬಿನ ವಾಕರ್ ರಾಯ್ಸ್, ಮುಂದೆ ಹೇಳಿದರು. ಆದರೆ ಲೋಕವು ಮೊದಲ ಪುಟಗಳ ಚಿತ್ರವನ್ನು ನಕಲು ಮಾಡಿಕೊಂಡಿತು. ಹಾಳೆಯನ್ನು ಮಗುಚಿ ನೋಡಿದವರು ವಿರಳ.

ಅದೇ ಪ್ರಬಂಧದ ಇನ್ನೊಂದು ಮಾತನ್ನೂ ಇಲ್ಲಿಯೇ ಗಮನಿಸಬೇಕು. ಐವತ್ತು ಲಕ್ಷ ಡಾಲರಿನ ಯಂತ್ರವನ್ನು ಕೊಳ್ಳಲು ಮೂವತ್ತು ಪುಟಗಳ ವಿವರಣೆ ಸಾಕಾದರೆ, ಅಷ್ಟೇ ಬೆಲೆಯ ತಂತ್ರಾಂಶವನ್ನು ಕೊಳ್ಳಲು ಸಾವಿರದ ಐನೂರು ಪುಟಗಳು ಬೇಕೆಂದು ರಾಯ್ಸ್ ಅಂದಾಜು ಮಾಡಿದ್ದರು. ಅಂದರೆ ಎರಡು ಸಲ ಮಾಡಿ ಕಲಿಯಬೇಕೆಂದು ಬೋಧಿಸಿದವರೇ ಕಾಗದದ ಬೆಟ್ಟವನ್ನೂ ಬಯಸಿದರು. ಆವರ್ತನ ಬೇರೆ, ಲಘುತ್ವ ಬೇರೆ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

ಅಮೆರಿಕದ ರಕ್ಷಣಾ ಇಲಾಖೆ ೧೯೮೫ರಲ್ಲಿ ‘೨೧೬೭’ ಎಂಬ ಸಂಖ್ಯೆಯ ಪ್ರಮಾಣಸಂಹಿತೆಯನ್ನು ಹೊರಡಿಸಿದಾಗ ಜಲಪಾತಕ್ಕೆ ರಾಜಮುದ್ರೆ ಬಿದ್ದಂತಾಯಿತು. ಸರ್ಕಾರದ ಗುತ್ತಿಗೆ ಬೇಕೆನ್ನುವವರು ಹಂತ ಹಂತಕ್ಕೆ ಗೊತ್ತಾದ ದಾಖಲೆಗಳನ್ನು ಒಪ್ಪಿಸಬೇಕಾಯಿತು. ಅಲ್ಲಿಂದ ಆ ರೂಢಿ ಖಾಸಗಿ ಉದ್ಯಮಕ್ಕೂ ಪರದೇಶಗಳಿಗೂ ಹಬ್ಬಿತು. ಎರಡೇ ವರ್ಷಗಳಲ್ಲಿ, ೧೯೮೭ರಲ್ಲಿ, ಅದೇ ಇಲಾಖೆ ನೇಮಿಸಿದ, ಫ್ರೆಡ್ ಬ್ರೂಕ್ಸ್ ಅವರ ಅಧ್ಯಕ್ಷತೆಯ ಸಮಿತಿಯೊಂದು ಈ ದಾರಿ ಸರಿಯಲ್ಲವೆಂದೂ, ತಂತ್ರಾಂಶವನ್ನು ಕ್ರಮೇಣ ವಿಕಾಸಗೊಳಿಸುವುದೇ ಯುಕ್ತವೆಂದೂ ವರದಿ ಮಾಡಿತು. ಐಬಿಎಂನ ಓಎಸ್/೩೬೦ ಎಂಬ ಬೃಹತ್ ರಚನೆಯ ಹೊಣೆ ಹೊತ್ತು ನೊಂದು ಕಲಿತ ಬ್ರೂಕ್ಸ್, ತಡವಾದ ಯೋಜನೆಗೆ ಆಳುಗಳನ್ನು ಸೇರಿಸಿದರೆ ಅದು ಇನ್ನೂ ತಡವಾಗುವುದೆಂಬ ಸೂತ್ರದಿಂದ ೧೯೭೫ರಲ್ಲಿಯೇ ಹೆಸರಾಗಿದ್ದವರು. ಕೊನೆಗೆ ೧೯೯೪ರ ಡಿಸೆಂಬರಿನಲ್ಲಿ ಹೊಸ ಸಂಹಿತೆ ಬಂದು ಆವರ್ತನಕ್ಕೆ ಎಡೆಗೊಟ್ಟಿತು. ಹಳೆಯ ಸಂಹಿತೆಯ ಮುಖ್ಯ ಕರ್ತೃವೇ, ಆವರ್ತನದ ಪರಿಚಯ ತನಗೆ ಆಗ ಇರಲಿಲ್ಲವೆಂದು ಮುಂದೆ ಪರಿತಪಿಸಿದರಂತೆ.

ಪರಿಚಯವಿಲ್ಲದುದಕ್ಕೆ ಕಾರಣ ಅದು ಇಲ್ಲದಿದ್ದುದಲ್ಲ. ಅದೇ ರಕ್ಷಣಾ ಇಲಾಖೆಗಾಗಿ ಐಬಿಎಂನ ಫೆಡರಲ್ ಸಿಸ್ಟಮ್ಸ್ ವಿಭಾಗವು ೧೯೭೨ರಲ್ಲಿ ಟ್ರೈಡೆಂಟ್ ಜಲಾಂತರ್ಗಾಮಿಯ ನಿಯಂತ್ರಣ ತಂತ್ರಾಂಶವನ್ನು ಆವರ್ತನ ಕ್ರಮದಲ್ಲಿಯೇ ಕಟ್ಟಿತು. ಹತ್ತು ಲಕ್ಷ ಸಾಲುಗಳನ್ನು ಮೀರಿದ ಆ ಕೃತಿಯನ್ನು ಆರಾರು ತಿಂಗಳ ನಾಲ್ಕು ಸುತ್ತುಗಳಾಗಿ ವಿಂಗಡಿಸಿದ್ದರು. ಗಡುವು ಮೀರಿದರೆ ದಿನವೊಂದಕ್ಕೆ ಲಕ್ಷ ಡಾಲರಿನ ದಂಡ ತೆರಬೇಕಾಗಿತ್ತು. ಮುಂದೆ ನೌಕಾಪಡೆಯ ‘ಲ್ಯಾಂಪ್ಸ್’ ಯೋಜನೆಯಲ್ಲಿ ತಿಂಗಳಿಗೊಂದರಂತೆ ನಾಲ್ವತ್ತೈದು ಸುತ್ತುಗಳಾದವು. ೧೯೭೭ರಿಂದ ೧೯೮೦ರವರೆಗೆ ಬಾಹ್ಯಾಕಾಶ ಷಟಲ್ ನೌಕೆಯ ಮುಖ್ಯ ತಂತ್ರಾಂಶವು ಮೂವತ್ತೊಂದು ತಿಂಗಳಲ್ಲಿ ಹದಿನೇಳು ಆವರ್ತನಗಳಾಗಿ, ಸರಾಸರಿ ಎಂಟು ವಾರಕ್ಕೊಂದರಂತೆ, ಬೆಳೆದುಬಂದಿತು. ನೌಕೆಯನ್ನು ಕಟ್ಟುತ್ತಿರುವಾಗಲೇ ಅದರ ಅಗತ್ಯಗಳು ಬದಲಾಗುತ್ತಿದ್ದುದರಿಂದ ಬೇರೆ ದಾರಿಯಿರಲಿಲ್ಲ. ವಿದ್ವಾಂಸರೂ ಸುಮ್ಮನಿರಲಿಲ್ಲ. ವಿಕ್ಟರ್ ಬಸಿಲಿ ಮತ್ತು ಜೋ ಟರ್ನರ್ ೧೯೭೫ರಲ್ಲಿ ಈ ಕ್ರಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದರು; ಟಾಮ್ ಗಿಲ್ಬ್ ಅವರು ೧೯೭೬ರಿಂದ ವಿಕಾಸಕ್ರಮವನ್ನು ಸಾರಿದರು; ಬ್ಯಾರಿ ಬೋಮ್ ಅವರು ೧೯೮೬ರಲ್ಲಿ, ಪ್ರತಿಯೊಂದು ಸುತ್ತಿನಲ್ಲಿಯೂ ಅತ್ಯಂತ ದೊಡ್ಡ ಅಪಾಯ ಯಾವುದೆಂದು ಮೊದಲು ವಿಚಾರಿಸಿ, ಅದನ್ನು ನಿವಾರಿಸಿಕೊಂಡು ಹೊರಕ್ಕೆ ಹರಡುತ್ತ ಹೋಗುವ ‘ಸ್ಪೈರಲ್’ ಮಾದರಿಯನ್ನು ಮುಂದಿಟ್ಟರು. ಜಲಪಾತಕ್ಕೆ ಎದುರಾಗಿ ಸುಳಿ ಬಂತು. ಜೋಗದಲ್ಲಿ ಧುಮುಕಿದ ನೀರು ಮೇಲಕ್ಕೆ ಹತ್ತಲಾರದು. ಸುಳಿಯ ನೀರಾದರೋ ತಾನು ಬಿಟ್ಟುಬಂದ ಬಿಂದುವಿನ ಬಳಿಗೇ ತಿರುತಿರುಗಿ ಬರುತ್ತದೆ.

ಆದರೆ ಈ ಆವರ್ತನಗಳ ಸ್ವರೂಪವನ್ನು ಮರೆಯಲಾಗದು. ಟ್ರೈಡೆಂಟಿನಲ್ಲಿ ಮುಂಗಡ ವಿವರಣೆಯ ಕೆಲಸ ಗಣನೀಯವಾಗಿಯೇ ಇತ್ತು. ಸುತ್ತು ಇದ್ದಿತಾದರೂ, ಯಾವ ಸುತ್ತಿನಲ್ಲಿ ಏನಾಗಬೇಕೆಂಬುದು ಬಹುಮಟ್ಟಿಗೆ ಮೇಲಿನಿಂದ ನಿರ್ಣಯವಾಗುತ್ತಿತ್ತು. ಕಟ್ಟುವವನಿಗೂ ಬಳಸುವವನಿಗೂ ನಡುವೆ ಕರಾರು ಇತ್ತು, ಸಂವಾದ ಕಡಮೆ. ಆವರ್ತನ ಕ್ರಮವು ಕಾಲವನ್ನು ವಿಂಗಡಿಸಿತು, ಅಧಿಕಾರವನ್ನು ವಿಂಗಡಿಸಲಿಲ್ಲ.

ಅಧಿಕಾರದ ಪ್ರಶ್ನೆ ಬೇರೊಂದು ದಿಕ್ಕಿನಿಂದ ಬಂತು. ೧೯೮೬ರಲ್ಲಿ ಹಿರೊತಾಕಾ ತಾಕೆಯುಚಿ ಮತ್ತು ಇಕುಜಿರೊ ನೊನಾಕಾ ಎಂಬ ಇಬ್ಬರು ಜಪಾನೀ ವಿದ್ವಾಂಸರು, ಹೋಂಡಾ, ಕ್ಯಾನನ್, ಫ್ಯೂಜಿ-ಜೆರಾಕ್ಸ್ ಮೊದಲಾದ ಕಂಪನಿಗಳಲ್ಲಿ ಹೊಸ ವಸ್ತುಗಳು ಹೇಗೆ ರೂಪುಗೊಳ್ಳುತ್ತವೆಂಬುದನ್ನು ಪರಿಶೀಲಿಸಿ, ಅಲ್ಲಿಯ ತಂಡಗಳು ಕೋಲನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಓಟಗಾರರಂತಲ್ಲದೆ, ಚೆಂಡನ್ನು ಹಿಂದಕ್ಕೂ ಮುಂದಕ್ಕೂ ಎಸೆಯುತ್ತ ಒಟ್ಟಾಗಿ ಮುನ್ನುಗ್ಗುವ ರಗ್ಬಿ ಆಟಗಾರರಂತೆ ವರ್ತಿಸುತ್ತವೆಂದು ಬರೆದರು. ಅವರು ಬರೆದದ್ದು ತಂತ್ರಾಂಶವನ್ನು ಕುರಿತಲ್ಲ. ರಗ್ಬಿಯ ‘ಸ್ಕ್ರಮ್’ ಎಂಬ ಮಾತನ್ನು ೧೯೯೩ರಲ್ಲಿ ಜೆಫ್ ಸದರ್ಲೆಂಡ್ ಅವರು ತಂತ್ರಾಂಶದ ತಂಡಕ್ಕೆ ಅನ್ವಯಿಸಿದರು. ೧೯೯೫ರಲ್ಲಿ ಕೆನ್ ಶ್ವೇಬರ್ ಅವರು ಅದನ್ನು ವಿದ್ವತ್ಸಭೆಯ ಮುಂದಿಟ್ಟರು. ಇತ್ತ ೧೯೯೬ರಲ್ಲಿ ಕ್ರೈಸ್ಲರ್ ಮೋಟಾರು ಕಂಪನಿಯ ಸಂಬಳದ ಲೆಕ್ಕದ ತಂತ್ರಾಂಶವನ್ನು ಸರಿಪಡಿಸಲು ಬಂದ ಕೆಂಟ್ ಬೆಕ್ ಅವರು, ಇಬ್ಬಿಬ್ಬರು ಒಂದೇ ಯಂತ್ರದ ಮುಂದೆ ಕುಳಿತು ಬರೆಯುವುದು, ಪರೀಕ್ಷೆಯನ್ನು ಮೊದಲು ಬರೆಯುವುದು, ಬಳಸುವವರ ಪ್ರತಿನಿಧಿ ತಂಡದೊಡನೆಯೇ ಕೂರುವುದು ಮುಂತಾದ ಆಚಾರಗಳನ್ನು ಕಲೆಹಾಕಿ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ ಎಂದು ಕರೆದರು. ೧೯೯೭ರಲ್ಲಿ ಸುಮಾರು ಹತ್ತು ಸಾವಿರ ನೌಕರರಿಗೆ ಆ ತಂತ್ರಾಂಶ ಸಂಬಳ ಹಂಚಿತು. ೨೦೦೦ದಲ್ಲಿ ಕಂಪನಿ ಆ ಕೆಲಸವನ್ನೇ ನಿಲ್ಲಿಸಿಬಿಟ್ಟಿತು. ಪದ್ಧತಿ ಮಾತ್ರ ತನ್ನ ತವರಿನಲ್ಲಿ ಅಸ್ತಮಿಸಿ ಲೋಕದಲ್ಲಿ ಉದಯಿಸಿತು.

ಇಂಥ ಹಲವು ಪಂಥಗಳ ಪ್ರವರ್ತಕರು ಹದಿನೇಳು ಮಂದಿ ೨೦೦೧ರ ಫೆಬ್ರುವರಿ ೧೧ರಿಂದ ೧೩ರವರೆಗೆ ಯೂಟಾ ಸಂಸ್ಥಾನದ ವಾಸಾಚ್ ಪರ್ವತದ ಸ್ನೋಬರ್ಡ್ ಎಂಬ ಹಿಮಕ್ರೀಡಾ ವಸತಿಯಲ್ಲಿ ಸೇರಿದರು. ಅಲ್ಲಿಯವರೆಗೆ ಅವರ ಪದ್ಧತಿಗಳಿಗೆ ‘ಲೈಟ್‌ವೇಟ್’, ಅಂದರೆ ಹಗುರವಾದವು, ಎಂಬ ಸಾಮಾನ್ಯನಾಮವಿತ್ತು. ಪದ್ಧತಿ ಹಗುರವೆನಿಸಿದರೆ ಚಿಂತೆಯಿಲ್ಲ, ತಾನು ಹಗುರದ ಮನುಷ್ಯ ಎನ್ನಿಸಿಕೊಳ್ಳುವುದು ಮಾತ್ರ ಬೇಡವೆಂಬ ಧಾಟಿಯಲ್ಲಿ ಅಲಿಸ್ಟೇರ್ ಕಾಕ್‌ಬರ್ನ್ ಅವರು ಆಕ್ಷೇಪಿಸಿದರು. ಕೊನೆಗೆ ‘ಅಜೈಲ್’ ಎಂಬ ಹೆಸರು ನಿಂತಿತು. ಅಮೆರಿಕದವರಿಗೆ ಈ ಮಾತನ್ನು ಉಚ್ಚರಿಸಲು ಬರುವುದೇ ಎಂದು ಆಂಗ್ಲರಾದ ಮಾರ್ಟಿನ್ ಫೌಲರ್ ಶಂಕಿಸಿದ್ದರಂತೆ. ನಮ್ಮ ಭಾಷೆಯಲ್ಲಾದರೆ ಈ ಚರ್ಚೆಯೇ ಬೇಕಾಗುತ್ತಿರಲಿಲ್ಲ, ಅಥವಾ ಎಂದಿಗೂ ಮುಗಿಯುತ್ತಿರಲಿಲ್ಲ. ಏಕೆಂದರೆ ‘ಲಾಘವ’ ಎಂಬ ಒಂದೇ ಪದದಲ್ಲಿ ಹಗುರವೂ ಇದೆ, ಹಸ್ತಲಾಘವದ ಚುರುಕೂ ಇದೆ, ಗೌರವಕ್ಕೆ ವಿರುದ್ಧವಾದ ಲಘುತನವೂ ಇದೆ. ಸೂತ್ರದ ಮೊದಲ ಗುಣವೇ ಲಾಘವವೆಂದು ಎಣಿಸಿದ ವೈಯಾಕರಣರು, ಸಾವಿರದ ಐನೂರು ಪುಟಗಳ ಭಾರವನ್ನು ಕಳಚಲು ಹೊರಟ ಈ ಹದಿನೇಳು ಮಂದಿಯನ್ನು ನಮ್ಮವರೆಂದು ಬಗೆಯುತ್ತಿದ್ದರೇನೊ.

ಅವರು ಹೊರಡಿಸಿದ ಘೋಷಣೆ ನಾಲ್ಕೇ ತಾರತಮ್ಯಗಳದು. ವಿಧಿವಿಧಾನಗಳಿಗಿಂತ ಮನುಷ್ಯರೂ ಅವರ ಒಡನಾಟವೂ, ವಿಪುಲವಾದ ದಾಖಲೆಗಿಂತ ನಡೆಯುವ ತಂತ್ರಾಂಶವೂ, ಕರಾರಿನ ಚೌಕಾಶಿಗಿಂತ ಗಿರಾಕಿಯೊಡನೆ ಸಹಕಾರವೂ, ಯೋಜನೆಗೆ ಅಂಟಿಕೊಳ್ಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದೂ ಹೆಚ್ಚೆಂಬುದು ಅದರ ಸಾರ. ಎರಡನೆಯವು ಹೆಚ್ಚೆಂದ ಮಾತ್ರಕ್ಕೆ ಮೊದಲಿನವು ವ್ಯರ್ಥವೆಂದು ಅವರು ಹೇಳಲಿಲ್ಲ. ಈ ನಾಲ್ಕರಲ್ಲಿ ಒಂದಾದರೂ ಸುತ್ತಿನ ಮಾತಲ್ಲವೆಂಬುದನ್ನು ಗಮನಿಸಬೇಕು. ಆವರ್ತನವು ಘೋಷಣೆಯ ಕೆಳಗಿನ ಹನ್ನೆರಡು ಸೂತ್ರಗಳಲ್ಲಿ ಸಾಧನವಾಗಿ ಬರುತ್ತದೆ. ಮೇಲಿನ ನಾಲ್ಕು ಮಾತುಗಳಾದರೋ ಯಾರು ಯಾರೊಡನೆ ಮಾತನಾಡಬೇಕು, ಯಾರನ್ನು ನಂಬಬೇಕು ಎಂಬುದನ್ನು ಕುರಿತವು.

ಭೇದವನ್ನು ನಮ್ಮ ಸಂಗೀತದ ದೃಷ್ಟಾಂತದಿಂದ ಹೇಳಬಹುದು. ಕಲ್ಪಿತ ಸಂಗೀತದಲ್ಲಿ, ವರ್ಣವನ್ನೋ ಕೃತಿಯನ್ನೋ ಹಾಡುವಾಗ, ಯಾವ ಆವರ್ತನದಲ್ಲಿ ಯಾವ ಸ್ವರ ಬರಬೇಕೆಂಬುದು ವಾಗ್ಗೇಯಕಾರನಿಂದ ಮೊದಲೇ ನಿಶ್ಚಿತವಾಗಿದೆ. ಸಂಗತಿಯಿಂದ ಸಂಗತಿಗೆ ಅದೇ ಸಾಲು ಸಂಸ್ಕಾರ ಹೊಂದುತ್ತ ಹೋಗುತ್ತದೆ. ಮನೋಧರ್ಮ ಸಂಗೀತದಲ್ಲಿ, ಕಲ್ಪನಾಸ್ವರವನ್ನು ಹಾಡುವಾಗ, ಆದಿತಾಳದ ಎಂಟು ಅಕ್ಷರಗಳು ಅಷ್ಟೇ ನಿಷ್ಠುರವಾಗಿ ನಿಂತಿರುತ್ತವೆ, ಆದರೆ ಮುಂದಿನ ಆವರ್ತನದಲ್ಲಿ ಬರುವುದೇನೆಂಬುದು ಗಾಯಕ, ಪಿಟೀಲು, ಮೃದಂಗ ಇವರ ಪರಸ್ಪರ ಶ್ರವಣದಿಂದ ಆ ಕ್ಷಣದಲ್ಲಿ ನಿರ್ಣಯವಾಗುತ್ತದೆ. ಟ್ರೈಡೆಂಟಿನ ಆವರ್ತನ ಮೊದಲನೆಯದು, ಸ್ನೋಬರ್ಡಿನ ಲಾಘವ ಎರಡನೆಯದು. ತಾಳ ತಪ್ಪಿದರೆ ಮನೋಧರ್ಮ ಬರಿಯ ಸ್ವೇಚ್ಛೆಯಾದೀತು. ಆದುದರಿಂದ ಲಾಘವಕ್ಕೆ ಆವರ್ತನ ಅನಿವಾರ್ಯ. ಆವರ್ತನಕ್ಕಾದರೋ ಲಾಘವ ಅನಿವಾರ್ಯವಲ್ಲ. ಮನುಷ್ಯನ ಪ್ರಾಣವನ್ನು ಹೊತ್ತು ಹಾರುವ ನೌಕೆಯ ತಂತ್ರಾಂಶದಲ್ಲಿ ಪ್ರತಿಯೊಂದು ನಿರ್ಣಯಕ್ಕೂ ಬರಹದ ಸಾಕ್ಷಿ ಬೇಕೆನ್ನುವುದು ನ್ಯಾಯವೇ. ಗಿರಾಕಿಗೇ ತನಗೇನು ಬೇಕೆಂದು ತಿಳಿಯದಿರುವ ಕೆಲಸಗಳಲ್ಲಿ ಅದೇ ಸಾಕ್ಷಿ ಕಾಲಿನ ಸಂಕೋಲೆ.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲುಂಟು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿ ಕೇಂದ್ರ ತೆರೆದು ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕ ಪಡೆದ ಮೇಲೆ, ಸಮುದ್ರದಾಚೆಯ ಗಿರಾಕಿಗೆ ಇಲ್ಲಿ ಕುಳಿತು ತಂತ್ರಾಂಶ ಬರೆಯುವ ಉದ್ಯೋಗ ಬೆಳೆಯಿತು. ಮುಖ ಕಾಣದ ಗಿರಾಕಿ ನಂಬುವುದು ಕಾಗದವನ್ನೇ ತಾನೆ! ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ೧೯೯೧ರಲ್ಲಿ ಪ್ರಕಟಿಸಿದ ‘ಸಿಎಂಎಂ’ ಎಂಬ ಐದು ಮೆಟ್ಟಿಲಿನ ಮಾನದಂಡದಲ್ಲಿ ಐದನೆಯದನ್ನು ಏರಿದ ಸಂಸ್ಥೆಗಳ ದೊಡ್ಡ ಪಾಲು ಕೆಲವೇ ವರ್ಷಗಳಲ್ಲಿ ಭಾರತದ್ದಾಯಿತು; ವಿಧಿವಿಧಾನವೇ ನಮ್ಮ ಪ್ರತಿಷ್ಠೆಯಾಯಿತು. ಅಜೈಲ್ ಪಂಥಕ್ಕೆ ಸೇರಿದ ಥಾಟ್‌ವರ್ಕ್ಸ್ ಕಂಪನಿ ೨೦೦೧ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದಾಗ, ಒಂದೇ ಕೊಠಡಿಯಲ್ಲಿ ಕುಳಿತು ಮಾತನಾಡುವವರಿಗಾಗಿ ಹುಟ್ಟಿದ ಪದ್ಧತಿ ಹತ್ತು ಹನ್ನೆರಡು ಗಂಟೆಗಳ ಕಾಲವ್ಯತ್ಯಾಸದಲ್ಲಿ ಬದುಕೀತೇ ಎಂಬ ಪ್ರಶ್ನೆ ಬಂತು. ಆ ಅನುಭವವನ್ನು ಬರೆದಿಟ್ಟ ಫೌಲರ್ ಅವರು, ಎರಡೂ ಕಡೆಯವರು ರಾಯಭಾರಿಗಳಂತೆ ಸರದಿಯ ಮೇಲೆ ಹೋಗಿ ಬಂದು ಇರಬೇಕೆಂಬುದನ್ನೂ, ಎಲ್ಲರ ಬರಹವನ್ನೂ ಅಂದಂದೇ ಒಂದುಗೂಡಿಸಿ ಪರೀಕ್ಷಿಸಬೇಕೆಂಬುದನ್ನೂ ಮುಖ್ಯ ಪಾಠಗಳಾಗಿ ಹೇಳಿದರು. ಮೊದಲನೆಯದು ಲಾಘವದ ಪಾಠ, ಎರಡನೆಯದು ಆವರ್ತನದ್ದು.

ಕಾಲಕ್ರಮದಲ್ಲಿ ಲಾಘವಕ್ಕೂ ಭಾರ ಬಂತು. ಅಜೈಲಿಗೆ ಪ್ರಶಸ್ತಿಪತ್ರಗಳು ಬಂದವು, ಪರೀಕ್ಷೆಗಳು ಬಂದವು, ಪರಿಣತರೆಂಬ ಹೊಸ ಪುರೋಹಿತವರ್ಗ ಬಂತು. ಹದಿನೇಳು ಮಂದಿಯಲ್ಲಿ ಒಬ್ಬರಾದ ಡೇವ್ ಥಾಮಸ್ ಅವರೇ ೨೦೧೪ರಲ್ಲಿ ಆ ಹೆಸರು ಸತ್ತುಹೋಯಿತೆಂದು ಬರೆದರು. ಎರಡು ವಾರಕ್ಕೊಮ್ಮೆ ಸ್ಪ್ರಿಂಟು ತಪ್ಪದೆ ಮುಗಿದು, ಆ ಎರಡು ವಾರದಲ್ಲಿ ಕಲಿತದ್ದಕ್ಕೆ ಮುಂದಿನ ಎರಡು ವಾರವನ್ನು ಬದಲಿಸುವ ಹಕ್ಕಿಲ್ಲದಿದ್ದರೆ, ಅದು ಗಾಣದೆತ್ತಿನ ಪ್ರದಕ್ಷಿಣೆ. ಎಣ್ಣೆ ಬರುವುದು ನಿಜ, ಎತ್ತು ಎಲ್ಲಿಗೂ ಹೋಗಲಿಲ್ಲವೆಂಬುದೂ ನಿಜ. ಗಾಣಕ್ಕೂ ಸುಳಿಗೂ ಸುತ್ತು ಸಮಾನ. ಆದ ಕಾರಣ ಸುತ್ತನ್ನು ಎಣಿಸಿ ಲಾಘವವನ್ನು ಅಳೆಯುವುದು ಸಾಧ್ಯವಿಲ್ಲ.

ಸ್ನೋಬರ್ಡಿನ ಘೋಷಣೆಯ ಮೊದಲ ವಾಕ್ಯದ ಕ್ರಿಯಾಪದವನ್ನು ನಮ್ಮ ವ್ಯಾಕರಣದ ಕಣ್ಣಿನಿಂದ ಒಮ್ಮೆ ನೋಡಬೇಕೆನ್ನಿಸುತ್ತದೆ. ಉತ್ತಮವಾದ ದಾರಿಯನ್ನು ಕಂಡುಕೊಂಡೆವೆಂದು ಅವರು ಬರೆಯಲಿಲ್ಲ. ಕೆಲಸ ಮಾಡುತ್ತ, ಮಾಡುವವರಿಗೆ ನೆರವಾಗುತ್ತ, ಕಂಡುಕೊಳ್ಳುತ್ತಿದ್ದೇವೆ ಎಂಬರ್ಥದಲ್ಲಿ ಬರೆದರು. ರಾಯ್ಸ್ ಅವರ ಚಿತ್ರವನ್ನು ನಕಲು ಮಾಡಿದವರು ಕಂಡಾಯಿತೆಂದು ಬಗೆದರು, ಹಾಳೆ ಮಗುಚಲಿಲ್ಲ. ಇಂದು ಘೋಷಣೆಯನ್ನು ಗೋಡೆಗೆ ಅಂಟಿಸಿಕೊಂಡವರಲ್ಲಿಯೂ ಹಲವರು ಭೂತಕಾಲದಲ್ಲಿಯೇ ಅದನ್ನು ಓದುತ್ತಾರೆ. ಅದು ಇರುವುದು ವರ್ತಮಾನದಲ್ಲಿ; ವರ್ತಮಾನಕ್ಕೂ ಆವರ್ತನಕ್ಕೂ ಧಾತು ಒಂದೇ.